ವಾಷಿಂಗ್ ಮೆಷಿನ್‌ಗೆ ನೀರು ಹತ್ತುತ್ತಿಲ್ಲ ಅನ್ನೋರು ದಯವಿಟ್ಟು ಒಂದು ಬಕೆಟ್ ಹಿಡಿದು ನೋಡಿ

ಮನೆ 302
ಎಲ್ಲರಿಗೂ ನಮಸ್ಕಾರ. ಹೋದ ವಾರ ಟ್ಯಾಂಕ್ ತೊಳೆಸಿದ ಮೇಲೆ ನಮ್ಮ ವಾಷಿಂಗ್ ಮೆಷಿನ್ ಮೂರು ಸಲ ಅರ್ಧಕ್ಕೇ ನಿಂತಿದೆ. ನೀರು ತುಂಬಿಕೊಳ್ಳೋಕೆ ಶುರು ಮಾಡುತ್ತೆ, ಸಣ್ಣಗೆ ಸುಯ್ ಅನ್ನುತ್ತೆ, ಸ್ವಲ್ಪ ಹೊತ್ತು ಕಾದು ಬೀಪ್ ಹೊಡೆದು "ಐಇ" ಅಂತ, ಅಂದ್ರೆ ನೀರು ಬರ್ತಿಲ್ಲ ಅನ್ನೋ ಕೋಡ್ ತೋರಿಸುತ್ತೆ. ನಿನ್ನೆ ಮೆಟ್ಟಿಲ ಹತ್ತಿರ ಸಿಕ್ಕಾಗ 402ರ ಅಕ್ಕನೂ ಇದನ್ನೇ ಹೇಳಿದ್ರು. 102ರಲ್ಲಿ ಮೆಕ್ಯಾನಿಕ್ ಬಂದು ಇನ್‌ಲೆಟ್ ವಾಲ್ವ್ (ಮೆಷಿನ್ ಒಳಗೆ ನೀರು ಬಿಡೋ ವಾಲ್ವ್) ಹೊಸದು ಹಾಕಿ ಹೋದರಂತೆ, ಎರಡೇ ದಿನಕ್ಕೆ ಮತ್ತೆ ಅದೇ ತೊಂದರೆ. ಒಂದೇ ವಾರದಲ್ಲಿ ಮೂರು ಮನೆಯ ವಾಲ್ವ್ ಕೆಡುತ್ತೆ ಅಂದ್ರೆ ನನಗೆ ನಂಬಿಕೆ ಬರ್ತಿಲ್ಲ. ಇನ್ನೂ ಯಾರೂ ಮೆಷಿನ್ ಬಿಚ್ಚಿಸಬೇಡಿ, ಮೊದಲು ನೀರಿನ ಲೈನ್ ನೋಡೋಣ.

ಒಂದು ಸಹಾಯ ಬೇಕು. ಮೆಷಿನ್‌ಗೆ ಹೋಗೋ ಪೈಪನ್ನ ನಲ್ಲಿಯಿಂದ ಕಳಚಿ, ಮನೆಯ ಬೇರೆ ನಲ್ಲಿಗಳನ್ನೆಲ್ಲ ನಿಲ್ಲಿಸಿ, ಆ ನಲ್ಲಿಯನ್ನು ಪೂರ್ತಿ ತಿರುಗಿಸಿ. 10 ಲೀಟರ್ ಬಕೆಟ್ ತುಂಬೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಫೋನಿನಲ್ಲಿ ನೋಡಿಕೊಂಡು ಮನೆ ನಂಬರ್ ಸಮೇತ ಇಲ್ಲಿ ಹಾಕಿ. ತೊಂದರೆ ಇಲ್ಲದವರೂ ಹಾಕಿ, ಅದೂ ಅಷ್ಟೇ ಮುಖ್ಯ. ನಮ್ಮದು 2 ನಿಮಿಷ 55 ಸೆಕೆಂಡ್.

ಮನೆ 204
47 ಸೆಕೆಂಡ್. ಮೆಷಿನ್ ಚೆನ್ನಾಗಿ ಓಡ್ತಿದೆ.

ಮನೆ 402
4 ನಿಮಿಷ 15. ಇನ್ನೊಂದು ವಿಷಯ ಹೇಳಬೇಕಿತ್ತು. ರಾತ್ರಿ ಮೆಷಿನ್ ಆಫ್ ಮಾಡಿ ಮಲಗಿದ್ರೂ ಬೆಳಿಗ್ಗೆ ಡ್ರಮ್ ತಳದಲ್ಲಿ ನೀರು ನಿಂತಿರುತ್ತೆ. ನೀರೇ ಸರಿಯಾಗಿ ಬರದ ಮನೆಯಲ್ಲಿ ಇದೆಲ್ಲಿಂದ ಬಂತು ಅಂತ ಗೊತ್ತಾಗ್ತಿಲ್ಲ.

ಮನೆ 103
40 ಸೆಕೆಂಡ್.

ಮನೆ 201
ನಮ್ಮ ಮೆಷಿನ್ ಹಳೇದು, ಕೋಡ್ ಗೀಡ್ ತೋರಿಸಲ್ಲ, ಸುಮ್ಮನೆ ನಿಂತುಬಿಡುತ್ತೆ. ಬಕೆಟ್‌ಗೆ 2 ನಿಮಿಷ 20. ನಾಲ್ಕು ದಿನದಿಂದ ಮಗುವಿನ ಬಟ್ಟೆ ಕೈಯಲ್ಲೇ ಒಗೀತಿದ್ದೀನಿ. ದಯವಿಟ್ಟು ಬೇಗ ಏನಾದರೂ ಮಾಡಿ.

ಮನೆ 303
58 ಸೆಕೆಂಡ್. ನಾನು ಬಹಳ ವರ್ಷ ಕಟ್ಟಡಗಳ ಪೈಪ್ ಕೆಲಸ ಮಾಡಿಸಿದವನು, ಗೊತ್ತಿರೋದನ್ನ ಹೇಳ್ತೀನಿ.

402ರ ಅಮ್ಮ, ಮೊದಲು ಮೆಷಿನ್ ಪ್ಲಗ್ ಕಿತ್ತು ನೋಡಿ. ಕರೆಂಟ್ ಇಲ್ಲದಿದ್ದರೂ ನೀರು ಒಳಗೆ ಹೋಗ್ತಿದೆ ಅಂದ್ರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ತಿಲ್ಲ. ಆ ವಾಲ್ವ್ ಒಳಗೆ ಒಂದು ರಬ್ಬರ್ ಪರದೆ ಇರುತ್ತೆ. ಕರೆಂಟಿನ ಸುರುಳಿ ಎತ್ತೋದು ಒಂದು ಚಿಕ್ಕ ಕಡ್ಡಿಯನ್ನ ಮಾತ್ರ. ಪರದೆಯನ್ನ ತೆರೆಯೋದೂ ಒತ್ತಿ ಮುಚ್ಚೋದೂ ನೀರಿನ ಒತ್ತಡವೇ. ಒತ್ತಡ ತೀರಾ ಕಡಿಮೆ ಆದರೆ ಅದು ಸರಿಯಾಗಿ ತೆರೆಯಲ್ಲ, ಬಿಗಿಯಾಗಿ ಮುಚ್ಚಲ್ಲ. ಪರದೆ ಕೆಳಗೆ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಹಾಗೇ ಆಗುತ್ತೆ. ಇದು ಸರಿ ಹೋಗೋವರೆಗೂ ಒಗೆಯೋದು ಮುಗಿದ ತಕ್ಷಣ ನಲ್ಲಿ ಬಂದ್ ಮಾಡಿಬಿಡಿ, ಇಲ್ಲದಿದ್ರೆ ನೀರು ತುಂಬಿ ನೆಲಕ್ಕೆ ಹರಿದೀತು.

ಒತ್ತಡದ ಲೆಕ್ಕವೂ ತಿಳಿದಿರಲಿ. ಟ್ಯಾಂಕಿನ ನೀರಿನ ಮಟ್ಟ ನಲ್ಲಿಯಿಂದ 10 ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಸುಮಾರು 1 ಬಾರ್. ನಾಲ್ಕನೇ ಮಹಡಿಗೆ ಸಿಗೋದು ಎರಡೂವರೆ ಮೀಟರ್ ಅಷ್ಟೇ, ಅಂದ್ರೆ ಕಾಲು ಬಾರ್. ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಕನಿಷ್ಠ ಎಷ್ಟು ಬೇಕು ಅಂತ ಬರೆದಿರುತ್ತೆ. ಅನೇಕ ಮೆಷಿನ್‌ಗಳು 0.5 ಅಥವಾ 1 ಬಾರ್ ಕೇಳ್ತವೆ, ಕೆಲವು 0.3ರಲ್ಲೂ ನಡೀತವೆ. ಮೆಗಾಪ್ಯಾಸ್ಕಲ್‌ನಲ್ಲಿ ಕೊಟ್ಟಿದ್ದರೆ 0.1 ಅಂದ್ರೆ 1 ಬಾರ್ ಅಂತ ಓದಿಕೊಳ್ಳಿ.

ಮನೆ 404
ನಮ್ಮದು 1 ನಿಮಿಷ 25. ನೀರು ತುಂಬುತ್ತೆ, ಆದ್ರೆ ನಿಧಾನ. ಸೋಪಿನ ಪುಡಿ ಅರ್ಧ ಟ್ರೇನಲ್ಲೇ ಗಟ್ಟಿಯಾಗಿ ಉಳಿಯುತ್ತೆ. ಇದು ಟ್ಯಾಂಕ್ ತೊಳೆಸೋಕೆ ಮುಂಚಿನಿಂದಲೂ ಇದೆ.

ಮನೆ 104
ನಮ್ಮದು ಬೇರೆ ಥರ. ಬಕೆಟ್ 42 ಸೆಕೆಂಡಿಗೇ ತುಂಬಿತು. ಮೆಷಿನ್‌ಗೂ ನೀರು ಜೋರಾಗೇ ಬರುತ್ತೆ, ಆದ್ರೆ ತುಂಬೋದೇ ಇಲ್ಲ. ಕೊನೆಗೆ ಇದೂ ನೀರಿಲ್ಲ ಅಂತಲೇ ತೋರಿಸುತ್ತೆ. ನಮ್ಮದು ಸ್ಯಾಮ್‌ಸಂಗ್, 4ಸಿ ಅಂತ ಬರುತ್ತೆ.

ಮನೆ 303
ನೀರು ಹೊರಗೆ ಹೋಗೋ ಪೈಪಿನ ತುದಿ ಎಲ್ಲಿದೆ ನೋಡಿ ಸರ್. ನೆಲದ ಮೇಲೆ ಬಿದ್ದಿದ್ದರೆ ಒಂದು ಕಡೆ ತುಂಬ್ತಾ ಇನ್ನೊಂದು ಕಡೆ ತಾನಾಗೇ ಹರಿದು ಹೋಗ್ತಿರುತ್ತೆ. ನೆಲದಿಂದ 60 ರಿಂದ 100 ಸೆಂಟಿಮೀಟರ್ ಎತ್ತರಕ್ಕೆ ಎತ್ತಿ ಕಟ್ಟಿ. ಗೋಡೆಯ ಪೈಪಿನೊಳಗೆ ಆಳಕ್ಕೆ ತುರುಕಬೇಡಿ, ಸುತ್ತ ಗಾಳಿ ಆಡೋಕೆ ಜಾಗ ಬಿಡಿ.

ಮನೆ 104
ನೆಲದ ಮೇಲೇ ಇತ್ತು! ಸ್ನಾನದ ಮನೆ ತೊಳೆಯುವಾಗ ಕೊಕ್ಕೆಯಿಂದ ಕಳಚಿದ್ದು ಹಾಗೇ ಬಿಟ್ಟಿದ್ವಿ. ಎತ್ತಿ ಕಟ್ಟಿದೆ, ಈಗ ತುಂಬಿ ತಿರುಗ್ತಿದೆ. ತುಂಬಾ ಉಪಕಾರ ಆಯ್ತು.

ಮನೆ 302
ಇವತ್ತು ನಾನೇ ಫಿಲ್ಟರ್ ತೆಗೆದು ನೋಡಿದೆ. ಬೇರೆಯವರಿಗೂ ಅನುಕೂಲ ಆಗಲಿ ಅಂತ ಬರೀತಿದ್ದೀನಿ. ಮೊದಲು ನಲ್ಲಿ ಬಂದ್, ಪ್ಲಗ್ ಹೊರಗೆ. ಮೆಷಿನ್ ಹಿಂದೆ ಪೈಪ್ ಸೇರೋ ಕಡೆ ಕೆಳಗೆ ಒಂದು ಮಗ್ ಹಿಡಿದು ಕೈಯಲ್ಲೇ ತಿರುಗಿಸಿ ಬಿಚ್ಚಿ. ವಾಲ್ವ್ ಬಾಯಿಯೊಳಗೆ ಬೆರಳಿನ ತುದಿಯಷ್ಟು ದೊಡ್ಡ ಪ್ಲಾಸ್ಟಿಕ್ ಜಾಲರಿ ಕಾಣುತ್ತೆ, ನಡುವೆ ಹಿಡಿಯೋಕೆ ಒಂದು ಚಿಕ್ಕ ಹಿಡಿ ಇರುತ್ತೆ. ಚೂಪು ಮೂತಿಯ ಇಕ್ಕಳದಲ್ಲಿ ಅದನ್ನ ಹಿಡಿದು ತಿರುಚದೆ ನೇರವಾಗಿ ಎಳೀಬೇಕು.

ನಮ್ಮದು ಹೊರಗೆ ಬಂದಾಗ ಅದು ಜಾಲರಿ ಅಂತಲೇ ಗೊತ್ತಾಗ್ತಿರಲಿಲ್ಲ. ಕಂದು ಬಣ್ಣದ ನುಣುಪು ಕೆಸರು ಮೆತ್ತಿಕೊಂಡಿತ್ತು, ಅದರೊಳಗೆ ಮರಳು, ತುಕ್ಕಿನ ಚೂರು, ಟ್ಯಾಂಕ್ ಗೋಡೆಯ ಹಸಿರು ಪಾಚಿ. ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ಉಜ್ಜಿ, ನೀರಲ್ಲಿ ಜಾಲಿಸಿ, ಬೆಳಕಿಗೆ ಹಿಡಿದಾಗ ತೂತೆಲ್ಲ ಕಾಣಿಸಿತು. ಬಿಳಿ ಸುಣ್ಣದ ಪದರ ಕಟ್ಟಿದ್ದರೆ ವಿನೆಗರ್‌ನಲ್ಲಿ ನೆನೆಸಿಡಿ. ಜಾಲರಿ ಇಲ್ಲದೆ ಮಾತ್ರ ಮೆಷಿನ್ ಓಡಿಸಬೇಡಿ, ಅದೇ ಕಸ ವಾಲ್ವ್ ಒಳಗೆ ಹೋಗಿ ಕೂರುತ್ತೆ. ಪೈಪ್ ವಾಪಸ್ ಹಾಕುವಾಗ ರಬ್ಬರ್ ವಾಷರ್ ಇದೆಯಾ, ಹಿಂದೆ ಪೈಪ್ ಎಲ್ಲೂ ಮಡಚಿಕೊಂಡಿಲ್ವಾ ನೋಡಿ.

ಈಗ ಕೋಡ್ ಬರ್ತಿಲ್ಲ, ಆದರೆ ನೀರು ಇನ್ನೂ ನಿಧಾನವೇ. ಬಕೆಟ್ ಲೆಕ್ಕ ಬದಲಾಗಿಲ್ಲ.

ಮನೆ 102
ನಮ್ಮದು 2 ನಿಮಿಷ. ವಾಲ್ವ್ ಬದಲಾಯಿಸಿದವರು ಈ ಜಾಲರಿ ವಿಷಯ ಹೇಳಲೇ ಇಲ್ಲ. ಹೊಸ ವಾಲ್ವಿನ ಜಾಲರಿ ಈಗ ತೆಗೆದು ನೋಡಿದ್ರೆ ಅದೂ ಕೆಸರು. ಮೊದಲೇ ಗೊತ್ತಿದ್ದಿದ್ರೆ ಅಷ್ಟು ಖರ್ಚು ಆಗ್ತಿರಲಿಲ್ಲ, ಬೇಜಾರಾಗುತ್ತೆ.

ಮನೆ 303
ಎಲ್ಲರ ಲೆಕ್ಕ ಪಕ್ಕಪಕ್ಕ ಬರೆದು ನೋಡಿದೆ. ಒಂದನೇ ಮಹಡಿಯಲ್ಲಿ 103ಕ್ಕೆ 40 ಸೆಕೆಂಡ್, 102ಕ್ಕೆ 120. ಮೂರನೇ ಮಹಡಿಯಲ್ಲಿ ನಮಗೆ 58, ಎದುರಿನ 302ಕ್ಕೆ 175. ನಾಲ್ಕರಲ್ಲಿ 85, 255. ಎಲ್ಲ ಮಹಡಿಯಲ್ಲೂ ಹೆಚ್ಚುಕಡಿಮೆ ಮೂರು ಪಟ್ಟು. ನಿಧಾನ ಇರೋ ಮನೆಗಳೆಲ್ಲ 01, 02, ಅಂದ್ರೆ ಪೂರ್ವದ ಕಡೆಯವು. ಎರಡು ಕಡೆಗೂ ನೀರು ಒಂದೇ ಟ್ಯಾಂಕಿಂದ ಬೇರೆ ಬೇರೆ ಲೈನಲ್ಲಿ ಇಳಿಯುತ್ತೆ. ಹಾಗಾಗಿ ತಪ್ಪು ಯಾರ ಮನೆಯೊಳಗೂ ಇಲ್ಲ. ಪೂರ್ವದ ಲೈನ್ ಟ್ಯಾಂಕಿಂದ ಹೊರಡೋ ಜಾಗದಲ್ಲೇ ಏನೋ ಅಡ್ಡ ಇದೆ. 302, ಸಂಜೆ ಬನ್ನಿ, ಮೇಲೆ ಹೋಗಿ ನೋಡೋಣ.

ಮನೆ 302
ಹೋಗಿ ಬಂದ್ವಿ. ಟ್ಯಾಂಕ್ ತೊಳೆಯುವಾಗ ಎರಡೂ ಲೈನಿನ ಗೇಟ್ ವಾಲ್ವ್ (ತಿರುಗಿಸಿದ್ರೆ ಒಳಗಿನ ತಟ್ಟೆ ಮೇಲೆ ಕೆಳಗೆ ಹೋಗಿ ನೀರು ಬಿಡೋ, ತಡೆಯೋ ವಾಲ್ವ್) ಮುಚ್ಚಿ ಆಮೇಲೆ ತೆರೆದಿದ್ದಾರೆ. ಪಶ್ಚಿಮದ್ದು ತಿರುಗಿಸಿದ್ರೆ ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತೆ. ಪೂರ್ವದ್ದು ಎಷ್ಟು ತಿರುಗಿಸಿದ್ರೂ ತಿರುಗ್ತಾನೇ ಇದೆ, ಎಲ್ಲೂ ತಡೆ ಸಿಗಲ್ಲ, ಕೈಗೆ ಭಾರವೇ ಇಲ್ಲ. ಒಳಗಿನ ತಟ್ಟೆ ದಂಡದಿಂದ ಕಳಚಿಕೊಂಡು ಕೆಳಗೇ ಉಳಿದಿದೆ ಅಂತಾರೆ 303ರ ಅಂಕಲ್. ಮೇಲಿಂದ ನೋಡಿದವರಿಗೆ ಪೂರ್ತಿ ತೆರೆದ ಹಾಗೇ ಕಾಣುತ್ತೆ. ಎಂಟು ಮನೆಗೆ ಒಂದು ವಾರದಿಂದ ನೀರು ನುಸುಳಿಕೊಂಡು ಬರ್ತಿದ್ದದ್ದು ಆ ತಟ್ಟೆಯ ಪಕ್ಕದ ಸಂದಿಯಲ್ಲಿ.

ಅದರ ಜಾಗದಲ್ಲಿ ಬಾಲ್ ವಾಲ್ವ್ ಹಾಕಿಸೋಣ. ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ, ಯಾರು ನೋಡಿದ್ರೂ ಗೊತ್ತಾಗುತ್ತೆ.

ಮನೆ 103
ನಮಗೆ ತೊಂದರೆ ಇಲ್ಲದಿದ್ರೂ ಈ ಖರ್ಚು ಇಡೀ ಕಟ್ಟಡದ್ದು. ನಾನು ಒಪ್ಪಿದ್ದೀನಿ, ಪೂರ್ವದವರ ಮೇಲೆ ಹಾಕಬೇಡಿ.

ಮನೆ 204
ನಾನೂ.

ಮನೆ 302
ಮನಸ್ಸು ತುಂಬಿ ಬಂತು. ಹಾಗಾದ್ರೆ ಭಾನುವಾರ ಬೆಳಿಗ್ಗೆ 7ಕ್ಕೆ ಪೂರ್ವದ ಲೈನ್ ಬಂದ್. ಶನಿವಾರ ರಾತ್ರಿಯೇ ಎರಡು ಬಕೆಟ್ ಹಿಡಿದಿಟ್ಟುಕೊಳ್ಳಿ, ಮೆಷಿನ್‌ಗೆ ಹೋಗೋ ನಲ್ಲಿಯನ್ನ ಗಟ್ಟಿಯಾಗಿ ಮುಚ್ಚಿ. ನೀರು ಬಿಟ್ಟ ಮೇಲೆ ಮೊದಲು ಒಂದನೇ ಮಹಡಿಯವರು ಸ್ನಾನದ ಮನೆಯ ನಲ್ಲಿ ತೆರೆಯಿರಿ, ಆಮೇಲೆ ಎರಡು, ಮೂರು, ನಾಲ್ಕು. ಗಾಳಿ ಬುಸ್ ಅಂತ ಬಂದು, ಕೆಂಪು ನೀರು ಹೋಗಿ, ತಿಳಿಯಾದ ಮೇಲಷ್ಟೇ ಮೆಷಿನ್‌ಗೆ ಹೋಗೋ ನಲ್ಲಿಯನ್ನ ತೆರೆಯಿರಿ. 201ರಲ್ಲಿ ಜಾಲರಿ ತೆಗೆಯೋಕೆ ನಾನು ಬಂದು ಸಹಾಯ ಮಾಡ್ತೀನಿ.

ಮನೆ 201 (ಭಾನುವಾರ)
48 ಸೆಕೆಂಡ್!! ಮೆಷಿನ್ ಓಡ್ತಿದೆ. ಎಲ್ಲರಿಗೂ ಧನ್ಯವಾದ.

ಮನೆ 302
57 ಸೆಕೆಂಡ್.

ಮನೆ 402
1 ನಿಮಿಷ 25. ಎದುರಿನ 404ರಷ್ಟೇ ಆಯ್ತು. ಜಾಲರಿ ತೊಳೆದೆ, ರಾತ್ರಿ ನೀರು ಸೇರೋದು ನಿಂತಿದೆ. ಆದ್ರೆ ನಮ್ಮ ಮೆಷಿನ್ ಪುಸ್ತಕದಲ್ಲಿ ಕನಿಷ್ಠ 0.5 ಬಾರ್ ಅಂತಿದೆ, ನಮಗೆ ಸಿಗೋದು ಕಾಲು ಬಾರ್. ತುಂಬೋಕೆ ಬಹಳ ಹೊತ್ತು ಹಿಡಿಯುತ್ತೆ.

ಮನೆ 303
ಅದು ಎತ್ತರದ ಲೆಕ್ಕ, ವಾಲ್ವಿನಿಂದ ಸರಿ ಹೋಗಲ್ಲಮ್ಮ. ನಾಲ್ಕನೇ ಮಹಡಿಯ ನಾಲ್ಕು ಮನೆಗೆ ಟ್ಯಾಂಕಿಂದ ಬೇರೆ ಲೈನ್ ಎಳೆದು ಚಿಕ್ಕ ಪ್ರೆಶರ್ ಪಂಪ್ ಕೂರಿಸಬೇಕು. 401, 403ರವರು ನಿಮ್ಮ ಬಕೆಟ್ ಲೆಕ್ಕ ಇನ್ನೂ ಹಾಕಿಲ್ಲ. ಇವತ್ತೇ ಹಾಕಿ, ನಾಳೆ ಸಂಜೆ ನಾನು ಟೇಪ್ ಹಿಡಿದು ಮೇಲೆ ಅಳತೆ ತಗೋತೀನಿ.