ಗೇಮ್ ಆಡಿದರೆ ಹುಡುಗರು ಒರಟಾಗುತ್ತಾರೆ, ಒಂದು ಪೆಗ್ ಹೃದಯಕ್ಕೆ ಒಳ್ಳೆಯದು: ಎಷ್ಟು ನಿಜ?

ಸಂಜೆಮಲ್ಲಿಗೆ:
ಒಂದು ವಾರದಿಂದ ನಮ್ಮ ಮನೆಯಲ್ಲಿ ಇದೇ ಮಾತು. ಮಗನಿಗೆ 14 ವರ್ಷ, ಶೂಟಿಂಗ್ ಗೇಮ್ ಆಡುತ್ತಾನೆ. ಮೊನ್ನೆ ಸೋತ ಸಿಟ್ಟಿಗೆ ಕಂಟ್ರೋಲರ್ ಎಸೆದ. ಅದು ಗೋಡೆಗೆ ಬಡಿದು ಬ್ಯಾಟರಿ ಮುಚ್ಚಳ ಹಾರಿ ಮಂಚದ ಕೆಳಗೆ ಹೋಯಿತು. ನಮ್ಮ ಮಾವ ನೋಡಿ, "ಇವನನ್ನ ಹೀಗೇ ಬಿಟ್ರೆ ನಾಳೆ ಯಾರಿಗಾದ್ರೂ ಹೊಡೀತಾನೆ ನೋಡಮ್ಮ" ಅಂದರು. ಮಾವ ತಾವು ದಿನಾ ರಾತ್ರಿ ಒಂದು ಪೆಗ್ ತೆಗೆದುಕೊಳ್ಳುತ್ತಾರೆ. ಹೃದಯಕ್ಕೆ ಒಳ್ಳೆಯದು, ನಿದ್ದೆಯೂ ಬರುತ್ತದೆ ಅನ್ನುವುದು ಅವರ ನಂಬಿಕೆ. ಇಬ್ಬರ ಬಗ್ಗೆಯೂ ನನಗೆ ಚಿಂತೆ. ಗೊತ್ತಿದ್ದವರು ಹೇಳಿ.

ಮೂರನೇ ಲೆವೆಲ್:
ಮೊದಲು ಆ ಕಂಟ್ರೋಲರ್ ವಿಷಯ. ಅವನು ಎಸೆದದ್ದು ಸೋತಾಗ, ಅಲ್ವಾ? 2014ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಇದನ್ನೇ ನೋಡಿದ್ದರು. ಆಟ ಕೈಗೆ ಹತ್ತದಿದ್ದಾಗ, ಕಂಟ್ರೋಲ್ ಅರ್ಥವಾಗದೆ ಪರದಾಡಿದಾಗ ಸಿಟ್ಟು ಏರುತ್ತದೆ, ಆಟದಲ್ಲಿ ಬಂದೂಕು ಇರಲಿ ಬಿಡಲಿ. ಕೇರಂನಲ್ಲಿ ಸೋತು ಬೋರ್ಡ್ ತಳ್ಳಿದವರನ್ನು ನಾವೆಲ್ಲ ನೋಡಿದ್ದೇವೆ.

ಗೇಮ್‌ನಿಂದ ಆಕ್ರಮಣ ಜಾಸ್ತಿ ಅನ್ನುವ ಪ್ರಯೋಗಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ 'ಆಕ್ರಮಣ' ಅಳೆದದ್ದು ಹೇಗೆ ಅಂತ ನೋಡಬೇಕು. ಎದುರಾಳಿಯ ಕಿವಿಗೆ ಎಷ್ಟು ಜೋರಾಗಿ ಸದ್ದು ಬಿಡುತ್ತೀರಿ, ಅವನು ತಿನ್ನಬೇಕಾದ ತಟ್ಟೆಗೆ ಎಷ್ಟು ಖಾರದ ಸಾಸ್ ಸುರಿಯುತ್ತೀರಿ, ಇಂಥವು. ಅಲ್ಲಿಂದ ಬೀದಿಯ ಹೊಡೆದಾಟಕ್ಕೆ ಬಹಳ ದೂರ ಇದೆ. 2019ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಬ್ರಿಟನ್ನಿನ 14-15 ವಯಸ್ಸಿನ ಸುಮಾರು 1000 ಮಕ್ಕಳ ವಿಷಯ ತೆಗೆದುಕೊಂಡು, ನಡತೆಯ ಬಗ್ಗೆ ಮನೆಯವರನ್ನೇ ಕೇಳಿದರು. ಗೇಮ್ ಎಷ್ಟು ಹಿಂಸೆಯದು ಅನ್ನುವುದನ್ನೂ ಮಕ್ಕಳ ಮಾತಿಗೆ ಬಿಡದೆ ಅಧಿಕೃತ ರೇಟಿಂಗ್ ನೋಡಿ ನಿರ್ಧರಿಸಿದರು. ಸಂಬಂಧ ಸಿಗಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ಕೂಗಾಟ, ತಳ್ಳಾಟದಂಥ ಸಣ್ಣ ಮಟ್ಟದ ಪರಿಣಾಮ ಇದೆ ಅನ್ನುತ್ತದೆ. ಆದರೆ ನಿಜವಾದ ಹಿಂಸಾಚಾರಕ್ಕೆ ಗೇಮ್ ಕಾರಣ ಅನ್ನಲು ಸಾಕಷ್ಟು ಆಧಾರ ಇಲ್ಲ ಅಂತ 2020ರಲ್ಲಿ ಅದೇ ಸಂಘ ಹೇಳಿತು.

ಔಷಧಿಚೀಟಿ:
ಮಾವನವರ ಪೆಗ್ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ನಮ್ಮ ಅಪ್ಪನೂ ಇದನ್ನೇ ನಂಬಿದ್ದರು.

ಈ ನಂಬಿಕೆ ಹುಟ್ಟಿದ್ದು ಸುಮ್ನೆ ಅಲ್ಲ. ಸ್ವಲ್ಪ ಕುಡಿಯುವವರಿಗೆ ಹೃದಯದ ಕಾಯಿಲೆ ಕಡಿಮೆ ಅಂತ ಎಷ್ಟೋ ಅಧ್ಯಯನಗಳಲ್ಲಿ ಕಂಡಿತ್ತು. 1991ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಫ್ರಾನ್ಸಿನವರ ಹೃದಯ ಮತ್ತು ಕೆಂಪು ವೈನ್ ಬಗ್ಗೆ ಒಂದು ಕಾರ್ಯಕ್ರಮ ಬಂದ ಮೇಲಂತೂ ಅದು ಮನೆಮಾತಾಯಿತು. ಎಡವಟ್ಟು ಎಲ್ಲಿತ್ತು ಅಂದರೆ, 'ಕುಡಿಯದವರು' ಅಂತ ಲೆಕ್ಕಕ್ಕೆ ಹಿಡಿದವರಲ್ಲಿ ಕಾಯಿಲೆ ಬಂದು ಕುಡಿತ ಬಿಟ್ಟವರೂ ಸೇರಿದ್ದರು. ಅವರ ಪಕ್ಕದಲ್ಲಿ ನಿಲ್ಲಿಸಿದರೆ ದಿನಾ ಒಂದು ಪೆಗ್ ಹಾಕುವವರು ಗಟ್ಟಿಯಾಗಿ ಕಾಣದೆ ಇರುತ್ತಾರಾ? ಜೊತೆಗೆ ಹಿತಮಿತವಾಗಿ ಕುಡಿಯುವವರಲ್ಲಿ ಹಣ, ಓದು, ಒಳ್ಳೆಯ ಊಟ ಇರುವವರೂ ಹೆಚ್ಚು. ಇದನ್ನೆಲ್ಲ ಸರಿಯಾಗಿ ಲೆಕ್ಕ ಹಾಕಿದಾಗ ಆ ಲಾಭ ಬಹುಮಟ್ಟಿಗೆ ಕರಗಿಹೋಯಿತು.

ಇನ್ನೊಂದು ಕಡೆ, ಮದ್ಯ ಕ್ಯಾನ್ಸರ್‌ಕಾರಕ ಅನ್ನುವುದು 1988ರಲ್ಲೇ ಖಚಿತವಾಗಿತ್ತು. ತಂಬಾಕು ಇರುವ ಗುಂಪಿನಲ್ಲೇ ಅದೂ ಇದೆ. ಆರೋಗ್ಯಕ್ಕೆ ಸುರಕ್ಷಿತ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು.

ನಿದ್ದೆ ಬೇಗ ಬರುವುದು ನಿಜ. ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ಅದು ಒಡೆಯುತ್ತದೆ. ಅಪ್ಪ ಮೂರು ಗಂಟೆಗೆ ಎದ್ದು ಕತ್ತಲಲ್ಲಿ ಹಾಲ್‌ನಲ್ಲಿ ಕೂತಿರುತ್ತಿದ್ದರು, ನೀರಿನ ಲೋಟ ಹಿಡಿದುಕೊಂಡು. ವಯಸ್ಸಾಯ್ತಲ್ಲ ಅಂದುಕೊಂಡಿದ್ದೆವು. ಕುಡಿಯುವುದು ಬಿಟ್ಟ ಕೆಲವು ವಾರಕ್ಕೆ ಬೆಳಗಿನವರೆಗೂ ಮಲಗತೊಡಗಿದರು.

ನಿಧಾನಗತಿ:
ಮೇಲಿನ ಎರಡೂ ಸರಿ. ಆದರೆ ಗೇಮ್‌ಗೆ ಪೂರ್ತಿ ಕ್ಲೀನ್ ಚಿಟ್ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಈಗ ಗೇಮಿಂಗ್ ಚಟವೂ ಇದೆ, 2022ರಿಂದ ಅದು ಜಾರಿಯಲ್ಲಿದೆ. ಬರೀ ಗಂಟೆ ಎಣಿಸಿ ಅದನ್ನು ಹೇಳುವುದಿಲ್ಲ. ಆಟ ನಿಲ್ಲಿಸಲು ಆಗುತ್ತಿಲ್ಲ, ಬೇರೆಲ್ಲ ಹಿಂದೆ ಬಿದ್ದಿದೆ, ಹಾನಿ ಕಣ್ಣಿಗೆ ಕಂಡರೂ ಮುಂದುವರಿಯುತ್ತಿದೆ, ಸಾಮಾನ್ಯವಾಗಿ 12 ತಿಂಗಳಾದರೂ ಹೀಗೇ ಇದೆ ಅಂದಾಗ ಮಾತ್ರ. ಕಾಲೇಜಿನಲ್ಲಿದ್ದಾಗ ನಾನು ಅದರ ಅಂಚಿಗೆ ಹೋಗಿದ್ದೆ. ಊಟದ ತಟ್ಟೆ ಕೀಬೋರ್ಡ್ ಪಕ್ಕದಲ್ಲೇ ಒಣಗಿರುತ್ತಿತ್ತು. ನಿಮ್ಮ ಮಗ ಶಾಲೆ, ಗೆಳೆಯರು, ನಿದ್ದೆ ಬಿಟ್ಟಿದ್ದಾನಾ? ಅದನ್ನು ನೋಡಿ.

ಮಾವನವರು ಬಿ.ಪಿ. ಮಾತ್ರೆ ಅಥವಾ ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಾರಾ? ಮದ್ಯ ಬಿ.ಪಿ. ಏರಿಸುತ್ತದೆ. ನಿದ್ದೆ ಮಾತ್ರೆ ಜೊತೆಗಂತೂ ತುಂಬಾ ಅಪಾಯ, ಉಸಿರಾಟವೇ ನಿಧಾನವಾಗಬಹುದು. ಬಹಳ ವರ್ಷದಿಂದ ಜಾಸ್ತಿ ಕುಡಿಯುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿಯೇ ನಿಲ್ಲಿಸಿ.

ಸಂಜೆಮಲ್ಲಿಗೆ:
ಎಲ್ಲರಿಗೂ ಥ್ಯಾಂಕ್ಸ್. ಮಗ ಫುಟ್‌ಬಾಲ್ ಬಿಟ್ಟಿಲ್ಲ, ರಾತ್ರಿ ಹತ್ತಕ್ಕೆ ಮಲಗುತ್ತಾನೆ. ನಿನ್ನೆ ಪಕ್ಕದಲ್ಲಿ ಕೂತು ನೋಡಿದೆ. ಒಂದೇ ಜಾಗದಲ್ಲಿ ಆರು ಸಲ ಸೋತ, ಹಲ್ಲು ಕಚ್ಚಿಕೊಂಡು ಮತ್ತೆ ಶುರು ಮಾಡಿದ. ಮಾವನಿಗೆ ಬಿ.ಪಿ. ಮಾತ್ರೆ ಇದೆ, ದಿನಕ್ಕೆ ಒಂದು. ಪೆಗ್ ವಿಷಯವನ್ನು ಡಾಕ್ಟರ್‌ಗೆ ಅವರು ಇದುವರೆಗೂ ಹೇಳಿಯೇ ಇಲ್ಲವಂತೆ. ಬರುವ ವಾರ ತೋರಿಸಲು ಹೋಗಬೇಕು, ಈ ಸಲ ನಾನೂ ಜೊತೆಗೆ ಹೋಗುತ್ತೇನೆ.