ಓಡೋ ಜೀಪಿಗೆ ಫಸ್ಟ್ ಗೇರ್ ಬೀಳ್ತಿಲ್ಲ, ಡಬಲ್ ಕ್ಲಚ್ ಹೊಡದ್ರೂ ಕರ್ರ್ ಅಂತದ

ಚಿಂಚೋಳಿ_3ಬಿ:
ಎಲ್ಲಾರಿಗೂ ಶರಣ್ರಿ. ಮನ್ಯಾಗ ಹಳೆ ಸಿಜೆ-3ಬಿ ಜೀಪ್ ಅದ, ಮೂರು ಗೇರಿಂದು. ಚಂದ್ರಂಪಳ್ಳಿ ಡ್ಯಾಮಿನ ಕಡೆ ಏರು ಹತ್ತುವಾಗ ಸೆಕೆಂಡಿನ್ಯಾಗ ದಮ್ ಸಾಲಂಗಿಲ್ಲ. ಫಸ್ಟ್ ಹಾಕ್ಲಾಕ ಹೋದ್ರ ಕರ್ರ್ ಅಂತ ಹಲ್ಲು ತಿಕ್ತದ. ನಿಲ್ಲಿಸಿ ಹಾಕಿದ್ರ ಸುಮ್ನ ಬೀಳ್ತದ. ನಮ್ಮ ಕಾಕಾ ಡಬಲ್ ಕ್ಲಚ್ ಹೊಡಿ ಅಂದ್ರು. ಕ್ಲಚ್ ತುಳದು, ನ್ಯೂಟ್ರಲ್ ಮಾಡಿ, ಜೋರ್ ರೇಸ್ ಕೊಟ್ಟು ಫಸ್ಟ್ ಹಾಕ್ತೀನಿ, ಆದ್ರೂ ಅದೇ ಸಪ್ಪಳ. ಮಿಸ್ತ್ರಿ ಕ್ಲಚ್ ಪ್ಲೇಟ್ ಹೋಗ್ಯಾದ ಅಂತಾನ. ಗೇರ್‌ಬಾಕ್ಸ್ ಇಳಿಸ್ಲೇನು?

ಹುಮನಾಬಾದ್_ಹಳೆಗಾಡಿ:
ಈಗೇ ಇಳಿಸಬ್ಯಾಡ್ರಿ. ಪ್ಲೇಟ್ ಸವದ್ರ ಇಂಜಿನ್ ಕೂಗ್ತದ, ಗಾಡಿ ಎಳಿಯಂಗಿಲ್ಲ. ಹಲ್ಲು ತಿಕ್ಕೋದು ಬ್ಯಾರೆ ರೋಗ.

ಮೊದ್ಲು ಸಮ ನೆಲದಾಗ ಗಾಡಿ ನಿಲ್ಲಿಸಿ, ಇಂಜಿನ್ ಸ್ಲೋ ಇಟ್ಟು, ಕ್ಲಚ್ ಪೂರ್ತಿ ತುಳದು ನಾಕೈದು ಸೆಕೆಂಡ್ ತಡದು ರಿವರ್ಸ್ ಹಾಕಿ ನೋಡ್ರಿ. ಆಗೂ ಕರ್ರ್ ಅಂದ್ರ ಕ್ಲಚ್ ಪೂರ್ತಿ ಬಿಡವಲ್ದು, ಪೆಡಲ್ ಫ್ರೀ ಪ್ಲೇ (ಕ್ಲಚ್ಚಿಗೆ ಒತ್ತಡ ಮುಟ್ಟೋ ಮುಂಚೆ ಪೆಡಲ್ ಸುಮ್ನ ಇಳಿಯೋ ಅಂತರ) ಹೆಚ್ಚಾಗಿರಬಹುದು. ಸುಮಾರು ಒಂದಿಂಚು ಉಳಿಯಂಗ ಅಡ್ಜಸ್ಟ್ ಮಾಡ್ರಿ. ಫ್ರೀ ಪ್ಲೇ ಪೂರ್ತಿ ತೆಗದ್ರ ರಿಲೀಸ್ ಬೇರಿಂಗ್ (ಪೆಡಲ್ ತುಳದಾಗ ಕ್ಲಚ್ ಬಿಡಿಸೋ ಬೇರಿಂಗ್) ಸದಾ ತಿರುಗಿ ಬೇಗ ಹೋಗ್ತದ.

ರಿವರ್ಸ್ ಸುಮ್ನ ಬಿದ್ರ ಕ್ಲಚ್ ಚೊಲೊ ಅದ, ಗೇರ್‌ಬಾಕ್ಸಿನ ಗುಣಾನೇ ಹಂಗ. ನಿಮ್ಮ ಜೀಪಿನ ಟಿ-90 ಗೇರ್‌ಬಾಕ್ಸಿನ್ಯಾಗ ಸೆಕೆಂಡ್, ಥರ್ಡಿಗೆ ಸಿಂಕ್ರೊ ರಿಂಗ್ (ಗೇರ್ ಕೂಡೋ ಮುಂಚೆ ವೇಗ ತಾನೇ ಸಮ ಮಾಡೋ ಬಳೆ) ಅವ, ಫಸ್ಟಿಗೆ ಇಲ್ಲ. ಅದಕ್ಕ ಫಸ್ಟಿಗೆ ವೇಗ ಸಮ ಮಾಡೋ ಕೆಲಸ ನಿಮ್ಮ ಕಾಲಿಂದೇ.

ನೀವು ರೇಸ್ ಕೊಡೋ ಹೊತ್ತು ತಪ್ಪ್ಯಾದ. ಕ್ಲಚ್ ತುಳದಾಗ ಪ್ಲೇಟ್ ಫ್ಲೈವ್ಹೀಲ್ (ಇಂಜಿನ್ ಜೊತಿ ತಿರುಗೋ ಭಾರದ ಚಕ್ರ) ಬಿಟ್ಟಿರ್ತದ. ಆಗ ಎಷ್ಟು ರೇಸ್ ಕೊಟ್ರೂ ಬರೇ ಇಂಜಿನ್ ತಿರುಗ್ತದ, ಬಾಕ್ಸಿನ ಒಳಗ ಗೇರುಗಳನ್ನ ತಿರುಗಿಸೋ ಕೌಂಟರ್ ಶಾಫ್ಟಿಗೆ ಏನೂ ಮುಟ್ಟಂಗಿಲ್ಲ. ನ್ಯೂಟ್ರಲ್ ಆದ ಮ್ಯಾಲ ಕ್ಲಚ್ ಪೂರ್ತಿ ಬಿಡ್ರಿ, ಆಗ ರೇಸ್ ಕೊಡ್ರಿ. ಇಂಜಿನ್ ಜೊತಿ ಆ ಶಾಫ್ಟೂ ಜೋರಾಗ್ತದ. ಲಗೂನ ಮತ್ತ ತುಳದು ಫಸ್ಟ್ ಹಾಕ್ರಿ. ಎರಡು ಸಲ ತುಳಿಯೋದು ಅದಕ್ಕೇ, ನಡುವ ಕಾಲು ಎತ್ತಲಿಲ್ಲಂದ್ರ ಅದು ಡಬಲ್ ಕ್ಲಚ್ಚೇ ಅಲ್ಲ.

ರೇಸ್ ಎಷ್ಟು ಅಂದ್ರ, ಇದರ ಫಸ್ಟ್ ರೇಶಿಯೋ (ಬಾಕ್ಸಿನ ಹೊರಗಿನ ಶಾಫ್ಟ್ ಒಂದು ಸುತ್ತು ತಿರುಗ್ಲಾಕ ಇಂಜಿನ್ ಎಷ್ಟು ಸುತ್ತು ತಿರುಗ್ಬೇಕು ಅನ್ನೋದು) 2.798, ಸೆಕೆಂಡ್ 1.551. ಗಾಡಿ ವೇಗ ಅಷ್ಟೇ ಇದ್ರ ಇಂಜಿನ್ ಸುಮಾರು 1.8 ಪಟ್ಟು ತಿರುಗ್ಬೇಕು, 1000 ಆರ್‌ಪಿಎಂ ಇದ್ದದ್ದು 1800 ಆಗ್ಬೇಕು. ಮೀಟರ್ ಇಲ್ಲಂದ್ರ ಕಿವಿಗೊಟ್ಟು ಕಲೀರಿ, ಎರಡು ದಿನದಾಗ ಹೊಂದತದ.

ಶಹಾಪುರ_ಸವಾರ:
ನಡುವ ಬಾಯಿ ಹಾಕ್ತೀನ್ರಿ. ಹೊಸ ಕಾರಿಗೂ ಹಿಂಗ ಹೊಡದ್ರ ಒಳ್ಳೇದೇನು?

ಹುಮನಾಬಾದ್_ಹಳೆಗಾಡಿ:
ಬೇಕಿಲ್ರಿ. ಈಗಿನ ಕಾರಿನ್ಯಾಗ ಮುಂದಿನ ಎಲ್ಲಾ ಗೇರಿಗೂ ಸಿಂಕ್ರೊ ಇರ್ತದ, ಒಮ್ಮಿ ತುಳದ್ರ ಸಾಕು.

ಚಿಂಚೋಳಿ_3ಬಿ:
ಅಣ್ಣಾ, ರಿವರ್ಸ್ ಸುಮ್ನ ಬಿತ್ತು. ಕಾಲು ಎತ್ತಿ ರೇಸ್ ಕೊಟ್ಟೆ, ಸಮ ರಸ್ತೆದಾಗ ಫಸ್ಟ್ ಬೆಣ್ಣಿಯಂಗ ಇಳೀತು! ಏರಿನ್ಯಾಗ ಮಾತ್ರ ಇನ್ನೂ ಒಮ್ಮೊಮ್ಮಿ ತಿಕ್ತದ.

ಹುಮನಾಬಾದ್_ಹಳೆಗಾಡಿ:
ಭಾಳ ಖುಷಿ ಆಯ್ತು. ಏರಿನ್ಯಾಗ ನ್ಯೂಟ್ರಲ್ ಮಾಡಿದ ಕೂಡ್ಲೇ ಗಾಡಿ ಸ್ಪೀಡ್ ಬಿದ್ದುಬಿಡ್ತದ, ಅದಕ್ಕ ಅಲ್ಲಿ ರೇಸ್ ಸ್ವಲ್ಪ ಕಮ್ಮಿ ಸಾಕು, ಕಾಲು ಮಾತ್ರ ಚುರುಕು ಇರ್ಲಿ. ಇಂಜಿನ್ ಉಸಿರು ಕಟ್ಟೋತನಕ ಕಾಯಬ್ಯಾಡ್ರಿ, ಏರು ಶುರು ಆಗೋ ಮುಂಚೇನೇ ಫಸ್ಟ್ ಹಾಕ್ರಿ. ಬೀಳಲಿಲ್ಲಂದ್ರ ಒತ್ತಿ ನೂಕಬ್ಯಾಡ್ರಿ, ಹಲ್ಲು ಮುರದು ಬಾಕ್ಸಿನ್ಯಾಗ ಬಿದ್ರ ಉಳದ ಗೇರೂ ಹಾಳಾಗ್ತಾವ. ಬ್ರೇಕ್ ಹಿಡದು ನಿಲ್ಲಿಸಿ ಹಾಕ್ರಿ.