ಆಸ್ಕಾಟ್ ನಿಜವಾಗಿ ಬೆಳೆದಿದೆಯಾ, ಇಲ್ಲ ಬರೀ ಲೆಕ್ಕ ಬೆಳೆದಿದೆಯಾ?

ಲೆಕ್ಕದ ಶೀನ:
1984ರಲ್ಲಿ ಸಿಂಗಪುರದ ಒಂದೇ ಕಟ್ಟಡದಿಂದ ಶುರುವಾದ ಸರ್ವಿಸ್ಡ್ ಅಪಾರ್ಟ್‌ಮೆಂಟ್ (ಅಡುಗೆಮನೆ ಸಮೇತ, ಹೋಟೆಲ್ ಥರದ ಸೇವೆಯ ಬಾಡಿಗೆ ಮನೆ) ಕಂಪನಿ ಆಸ್ಕಾಟ್. 2022ರಲ್ಲಿ ಓಕ್‌ವುಡ್ ಅನ್ನುವ ಇಂಥದ್ದೇ ಕಂಪನಿಯನ್ನು ಕೊಂಡ ಮೇಲೆ ಒಂದೂವರೆ ಲಕ್ಷ ಯೂನಿಟ್ (ಮನೆ) ದಾಟಿತು. ಅದೇ 2022ರಲ್ಲಿ ಶೇರುಪೇಟೆಗೆ ಬಂದ ಇದೇ ಥರದ ವ್ಯಾಪಾರದ ಅಮೆರಿಕದ ಕಂಪನಿ ಸಾಂಡರ್ 2025ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ಒಳಗಿದ್ದ ಗಿರಾಕಿಗಳಿಗೇ ಗಂಟುಮೂಟೆ ಕಟ್ಟಿ ಅಂದುಬಿಟ್ಟರು. ಸಾಂಡರ್ ಓಡಿ ಎಡವಿತು, ಆಸ್ಕಾಟ್ ನಿಧಾನವಾಗಿ ಬೆಳೆದು ಗೆದ್ದಿತು. ಇಲ್ಲ ಅನ್ನುವವರು ಯಾರಾದರೂ ಇದ್ದೀರಾ?

ಬೋರ್ಡ್ ಬೋರಯ್ಯ:
ನಿಧಾನವಾಗಿ?! ಸಾರ್, ಓಕ್‌ವುಡ್‌ನ 81 ಕಟ್ಟಡ, ಸುಮಾರು 15,000 ಯೂನಿಟ್ ಒಂದೇ ಸಹಿಗೆ ಬಂತು. ಅದಕ್ಕೂ ಮೊದಲು ಯುರೋಪಿನ ಸಿಟಡೀನ್ಸ್, ಆಸ್ಟ್ರೇಲಿಯಾದ ಕ್ವೆಸ್ಟ್, ಎಲ್ಲ ಕೊಂಡದ್ದೇ. ನಮ್ಮ ಬೆಂಗಳೂರಿನ ಯುಬಿ ಸಿಟಿಯ ಓಕ್‌ವುಡ್ ಇವರು ಬರುವ ಮೊದಲೇ ಇತ್ತು. ಒಂದು ಇಟ್ಟಿಗೆ ಇಡದೆ ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡರು. ಇದು ಬೋರ್ಡ್ ಬದಲಾವಣೆ ಅಷ್ಟೆ. ಅಡುಗೆಮನೆ ಇಟ್ಟ ಹೋಟೆಲ್‌ಗೆ ಇಷ್ಟೊಂದು ಜೈಕಾರ ಯಾಕೋ!

ಲೆಕ್ಕದ ಶೀನ:
ಬೋರ್ಡೂ ಬದಲಾಗಲಿಲ್ಲ ಸಾರ್. ಕೊಂಡ ಮೇಲೂ ಓಕ್‌ವುಡ್ ಹೆಸರನ್ನೇ ಇಟ್ಟುಕೊಂಡರು. ನೋಡಿ ಬರೆಯಿರಿ.

ಸಿಂಗಪುರದ ಸೊಸೆ:
"ಅಡುಗೆಮನೆ ಇಟ್ಟ ಹೋಟೆಲ್" ಅಂತ ಹಗುರವಾಗಿ ಹೇಳಬೇಡಿ. ಸಿಂಗಪುರದಲ್ಲಿ ಸರ್ವಿಸ್ಡ್ ಅಪಾರ್ಟ್‌ಮೆಂಟ್ ಅಂತ ಲೈಸೆನ್ಸ್ ಇದ್ದರೆ ಕನಿಷ್ಠ 7 ದಿನದ ವಾಸ ಕಡ್ಡಾಯ. ಕಂಪನಿಯವರು ಕಳಿಸಿದ ಕುಟುಂಬ ಮನೆ ಸಿಗುವವರೆಗೆ ಇಲ್ಲಿ ಇರುತ್ತದೆ. ಮಕ್ಕಳ ಸ್ಕೂಲು ಶುರುವಾಗಿರುತ್ತದೆ, ಬೆಳಿಗ್ಗೆ ಡಬ್ಬಿ ಕಟ್ಟಬೇಕು, ಬಟ್ಟೆ ಒಗೆಯಬೇಕು. ಅಡುಗೆಮನೆ ಇಲ್ಲದಿದ್ದರೆ ಈ ವ್ಯಾಪಾರವೇ ಇಲ್ಲ.

ಮಲ್ನಾಡ್ ಮಾಣಿ:
ಡಬ್ಬಿ ಕಟ್ಟುತ್ತಾರಂತೆ! ಅಕ್ಕಾ, ಬೆಂಗಳೂರಿನ ಒಂದು ಸರ್ವಿಸ್ಡ್ ಅಪಾರ್ಟ್‌ಮೆಂಟ್‌ನಲ್ಲಿ (ಹೆಸರು ಬೇಡ, ಆಸ್ಕಾಟ್ ಅಲ್ಲ) ನಾನು ಸಾರಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿದು, ಒಣಮೆಣಸು ಘಾಟು ಎದ್ದದ್ದೇ ತಡ, ಮೇಲೆ ಅಲಾರಂ ಕೂಗಿತು. ಸೆಕ್ಯೂರಿಟಿಯವನು ಓಡಿ ಬಂದ. ನಾನು ಸೌಟು ಹಿಡಿದು ಬಾಗಿಲಲ್ಲಿ ನಿಂತೆ. "ಲೈಟ್ ಕುಕಿಂಗ್ ಮಾತ್ರ ಸಾರ್" ಅಂದ. ಲೈಟ್ ಕುಕಿಂಗ್ ಅಂದರೆ ಬ್ರೆಡ್ ಬಿಸಿ ಮಾಡುವುದಾ?

ಸಿಂಗಪುರದ ಸೊಸೆ:
ಚಿಮಣಿ ಹಾಕಿಕೊಳ್ಳದೆ ಮೆಣಸು ಹುರಿದರೆ ಅಲಾರಂ ಕೂಗದೆ ಇನ್ನೇನು ಮಾಡೀತು?

ಮಲ್ನಾಡ್ ಮಾಣಿ:
ಚಿಮಣಿ ಹಾಕಿದ್ದೆ. ಅದು ಹೊಗೆಯನ್ನು ಹೊರಗೆ ಬಿಡುವುದಿಲ್ಲ, ಸೋಸಿ ವಾಪಸ್ ಅಲ್ಲೇ ಬಿಡುತ್ತದೆ. ಪೈಪೇ ಇಲ್ಲ. ನೋಡಿಯೇ ಹೇಳುತ್ತಿದ್ದೇನೆ.

ಬೋರ್ಡ್ ಬೋರಯ್ಯ:
ಹಾಕು ಮಾಣಿ ಹಾಕು. ನಾನು ಹೇಳಿದ್ದೂ ಇದೇ, ಅಡುಗೆಮನೆ ಬರೀ ಶೋಕಿಗೆ. ಇಂಡಕ್ಷನ್ ಒಲೆ ಇಡುತ್ತಾರೆ, ಅದರ ಮೇಲೆ ನಮ್ಮ ಅಲ್ಯೂಮಿನಿಯಂ ಬಾಣಲೆ ಕಾಯುವುದೇ ಇಲ್ಲ.

ಪದ್ಮಕ್ಕ ಜಯನಗರ:
ಮನೆಯಿಂದ ಬಾಣಲೆ ಹೊತ್ತುಕೊಂಡು ಹೋಗುವವರು ನೀವೊಬ್ಬರೇ ಇರಬೇಕು. ಅಲ್ಲಿರುವ ಸ್ಟೀಲ್ ಪಾತ್ರೆಗೆ ಏನಾಗಿತ್ತು?

ಬೋರ್ಡ್ ಬೋರಯ್ಯ:
ನೀವು ಮಾಡಿದ್ದೀರಾ ಅದರಲ್ಲಿ? ಅಂಗೈ ಅಗಲ ಇರುತ್ತದೆ. ನಾಲ್ಕು ಜನಕ್ಕೆ ಉಪ್ಪಿಟ್ಟು ಮಾಡಿ ತೋರಿಸಿ. ಸುಮ್ನೆ ಮಾತಾಡಬೇಡಿ.

ಪದ್ಮಕ್ಕ ಜಯನಗರ:
ಯಾರಿಗೆ ಸುಮ್ನೆ ಅನ್ನುತ್ತಿದ್ದೀರಿ? ಮಗಳ ಬಾಣಂತನಕ್ಕೆ ಹೋಗಿ ಅಂಥದ್ದೇ ಅಡುಗೆಮನೆಯಲ್ಲಿ ಬೇಯಿಸಿ ಬಡಿಸಿ ಬಂದವಳು ನಾನು. ನಿಮ್ಮ ಕೈಲಿ ಆಗದಿದ್ದರೆ ಒಲೆಯನ್ನು ಬೈಯಬೇಡಿ.

ಲೆಕ್ಕದ ಶೀನ:
ಸ್ವಾಮಿ, ಉಪ್ಪಿಟ್ಟು ಬಿಡಿ. ವ್ಯಾಪಾರದ ಗುಟ್ಟು ಕೇಳಿ. ಸಾಂಡರ್ ಮಾಡಿದ್ದು ಏನು? ಕಟ್ಟಡಗಳನ್ನು ವರ್ಷಗಟ್ಟಲೆ ಕರಾರಿಗೆ ಬಾಡಿಗೆ ಹಿಡಿದು, ದಿನದ ಲೆಕ್ಕದಲ್ಲಿ ಜನರಿಗೆ ಕೊಟ್ಟಿತು. ಗಿರಾಕಿ ಬರಲಿ ಬಿಡಲಿ, ಬಾಡಿಗೆ ಕಟ್ಟಲೇಬೇಕು. 2024ರಲ್ಲಿ ದೊಡ್ಡ ಹೋಟೆಲ್ ಕಂಪನಿ ಮ್ಯಾರಿಯಟ್ ಜೊತೆ ಒಪ್ಪಂದ ಮಾಡಿಕೊಂಡರೂ ಉಳಿಯಲಿಲ್ಲ. ಮ್ಯಾರಿಯಟ್ ಕೈಬಿಟ್ಟ ಕೂಡಲೇ ಕಥೆ ಮುಗಿಯಿತು. ಆಸ್ಕಾಟ್ ಹೆಚ್ಚಾಗಿ ಬೇರೆಯವರ ಕಟ್ಟಡ ನಡೆಸಿಕೊಟ್ಟು ಫೀಸು ತಗೊಳ್ಳುತ್ತದೆ, ಇಲ್ಲ ಫ್ರಾಂಚೈಸಿ ಕೊಡುತ್ತದೆ. ರೂಮು ಖಾಲಿ ಬಿದ್ದರೆ ಮೊದಲ ಏಟು ಕಟ್ಟಡದ ಮಾಲೀಕನಿಗೆ. ಜಾಣತನ ಅಂದರೆ ಇದು.

ಬೋರ್ಡ್ ಬೋರಯ್ಯ:
"ಬೇರೆಯವರ ಕಟ್ಟಡ"! ನೀವೇ ಒಪ್ಪಿಕೊಂಡಿರಿ. ಬೆಳೆದದ್ದು ಬೇರೆಯವರ ದುಡ್ಡಿನಲ್ಲಿ.

ಲೆಕ್ಕದ ಶೀನ:
ನಾನು ಏನನ್ನೂ ಒಪ್ಪಿಕೊಂಡಿಲ್ಲ. ಅದು ಹೊಗಳಿದ್ದು.

ಷೇರು ಗುಂಡ:
ಶೀನಣ್ಣ ಅರ್ಧ ಮಾತ್ರ ಹೇಳುತ್ತಿದ್ದಾರೆ. 2006ರಲ್ಲಿ ಒಂದು ಟ್ರಸ್ಟ್ (ಹೂಡಿಕೆದಾರರ ದುಡ್ಡಲ್ಲಿ ಕಟ್ಟಡ ಕೊಂಡು ಆದಾಯ ಹಂಚುವ ಸಂಸ್ಥೆ) ಮಾಡಿ ಸಿಂಗಪುರದ ಶೇರುಪೇಟೆಗೆ ತಂದರು. ಈಗ ಅದರ ಹೆಸರು ಕ್ಯಾಪಿಟಾಲ್ಯಾಂಡ್ ಆಸ್ಕಾಟ್ ಟ್ರಸ್ಟ್. ಆಸ್ಕಾಟ್ ಕಡೆಯಿಂದ ಟ್ರಸ್ಟ್‌ಗೆ ಕಟ್ಟಡ ಮಾರುವುದು, ಬಂದ ದುಡ್ಡಲ್ಲಿ ಮುಂದಿನದಕ್ಕೆ ಕೈ ಹಾಕುವುದು, ಮಾರಿದ್ದನ್ನೂ ತಾನೇ ನಡೆಸುವುದು. ಆಸ್ಕಾಟ್ ಕಟ್ಟಡವನ್ನೇ ಮುಟ್ಟುವುದಿಲ್ಲ ಅನ್ನುವ ಹಾಗೆ ಬರೆಯಬೇಡಿ. ಇನ್ನೊಂದು, ಫ್ರಾನ್ಸಿನಲ್ಲಿ ಟ್ರಸ್ಟ್‌ನ ಸಿಟಡೀನ್ಸ್ ಕಟ್ಟಡಗಳನ್ನು ಆಸ್ಕಾಟ್ ಬಾಡಿಗೆ ಕರಾರಿನ ಮೇಲೇ ಹಿಡಿದಿದೆ. ಸಾಂಡರ್ ಮಾಡಿದರೆ ತಪ್ಪು, ಇವರು ಮಾಡಿದರೆ ಜಾಣತನವಾ?

ಸಿಂಗಪುರದ ಸೊಸೆ:
ಕೋವಿಡ್‌ನಲ್ಲಿ ಹೋಟೆಲ್‌ಗಳು ಭಣಗುಡುತ್ತಿದ್ದಾಗ ತಿಂಗಳುಗಟ್ಟಲೆ ಉಳಿಯುವ ಗಿರಾಕಿಗಳೇ ಇವರ ಕೈ ಹಿಡಿದದ್ದು. ಯಾರೂ ಅದನ್ನು ಹೇಳುತ್ತಿಲ್ಲ.

ಮಲ್ನಾಡ್ ಮಾಣಿ:
ಆ ತಿಂಗಳೆಲ್ಲ ಅವರು ಒಗ್ಗರಣೆ ಇಲ್ಲದೆ ಉಂಡರಾ?

ಪದ್ಮಕ್ಕ ಜಯನಗರ:
ಮಾಣಿ, ಒಣಮೆಣಸು ಹಾಕುವ ಮೊದಲು ಒಲೆ ಆರಿಸಬೇಕಪ್ಪ. ಎಣ್ಣೆಯ ಕಾವಿಗೇ ಹುರಿಯುತ್ತದೆ, ಘಾಟೂ ಏಳಲ್ಲ. ನಿಮ್ಮಮ್ಮ ಹೇಳಿಕೊಡಲಿಲ್ಲವಾ?

ಮಲ್ನಾಡ್ ಮಾಣಿ:
ನಮ್ಮಮ್ಮನ ವಿಷಯಕ್ಕೆ ಬರಬೇಡಿ ಅಷ್ಟೆ. ಅಮ್ಮನ ಒಲೆ ಮೇಲೆ ಯಾವ ಅಲಾರಂ ಇತ್ತು?

ಲೆಕ್ಕದ ಶೀನ:
ಗುಂಡ, ಫ್ರಾನ್ಸ್ ಒಂದನ್ನೇ ಹಿಡಿದು ಜಗ್ಗಬೇಡ. ಒಂದೂವರೆ ಲಕ್ಷದಲ್ಲಿ ಅದು ಎಷ್ಟು? ಸಾಂಡರ್‌ಗೆ ಬಾಡಿಗೆ ಕರಾರೇ ಬಂಡವಾಳ, ಇವರಿಗೆ ಅದು ಒಂದು ಮೂಲೆ.

ಷೇರು ಗುಂಡ:
ಆ ಒಂದೂವರೆ ಲಕ್ಷದಲ್ಲಿ ಇನ್ನೂ ಬಾಗಿಲು ತೆರೆಯದ, ಕಟ್ಟುತ್ತಿರುವ ಯೂನಿಟ್‌ಗಳೂ ಸೇರಿವೆ ಶೀನಣ್ಣ. ಮೊದಲು ಅದನ್ನು ಕಳೆಯಿರಿ, ಆಮೇಲೆ ಮೂಲೆ ಅಳೆಯೋಣ.

ಬೋರ್ಡ್ ಬೋರಯ್ಯ:
ಕಟ್ಟದ ಮನೆಗೂ ಲೆಕ್ಕ! ನಾನು ಮೊದಲೇ ಹೇಳಲಿಲ್ಲವಾ? ಪದ್ಮಕ್ಕ, ನಾಲ್ಕು ಜನದ ಉಪ್ಪಿಟ್ಟಿಗೆ ಇನ್ನೂ ಉತ್ತರ ಬಂದಿಲ್ಲ.